‘ಅನ್‌ಲಿಮಿಟೆಡ್’ಗೆ ಲಿಮಿಟ್ಟು ಎಷ್ಟು?

ಗಾಂಧಿಬಜಾರಿನಲ್ಲಿ ರಾತ್ರಿ ಎಂಟೂವರೆ. ಹಣ್ಣಿನಂಗಡಿಯ ಮುಂದೆ ಗಿರಾಕಿಯೊಬ್ಬರು ಒಂದು ಕೈಲಿ ಬಾಳೆಹಣ್ಣಿನ ಚೀಲ, ಇನ್ನೊಂದು ಕೈಲಿ ಮೊಬೈಲು ಹಿಡಿದು ನಿಂತಿದ್ದಾರೆ. ಕೋಡಿಗೆ ಹಿಡಿದದ್ದಾಯಿತು, ಮೊತ್ತ ಒತ್ತಿದ್ದಾಯಿತು. ಪರದೆಯ ಮೇಲೆ ಚಕ್ರ ಮಾತ್ರ ತಿರುಗುತ್ತಲೇ ಇದೆ. ಹಣ ಬಂತೆಂದು ಕೂಗಬೇಕಾದ ಅಂಗಡಿಯ ಪೆಟ್ಟಿಗೆ ಮೌನವಾಗಿದೆ. ಹಿಂದೆ ನಾಲ್ಕು ಜನ ಕಾದು ನಿಂತಿದ್ದಾರೆ. “ಅನ್‌ಲಿಮಿಟೆಡ್ ಹಾಕ್ಸಿದೀನಲ್ರೀ, ಏನಾಯ್ತು ಇದಕ್ಕೆ?” ಎಂದು ಗಿರಾಕಿ ಮೊಬೈಲಿಗೇ ಬೈಯುತ್ತಾರೆ. ಅಂಗಡಿಯವರ ಹತ್ತಿರ ಚಿಲ್ಲರೆ ಇಲ್ಲ, ಗಿರಾಕಿಯ ಹತ್ತಿರ ನೋಟಿಲ್ಲ.

ಮೊಬೈಲಿಗೆ ಏನೂ ಆಗಿಲ್ಲ ಸ್ವಾಮಿ. ಆ ದಿನದ ಪಾಲು ಮುಗಿದಿದೆ, ಅಷ್ಟೆ.

ಮಲ್ಲೇಶ್ವರದ ಸಂಪಿಗೆ ರಸ್ತೆಯಿಂದ ಚಾಮರಾಜಪೇಟೆಯವರೆಗೆ ಯಾವ ರೀಚಾರ್ಜ್ ಅಂಗಡಿಗೆ ಹೋದರೂ ಕೇಳುವ ಮಾತು ‘ಅನ್‌ಲಿಮಿಟೆಡ್’. ಕನ್ನಡದಲ್ಲಿ ಹೇಳುವುದಾದರೆ ಮಿತಿ ಇಲ್ಲದ್ದು, ಕೊನೆ ಇಲ್ಲದ್ದು. ಆದರೆ ಆ ಮಾತಿನ ಪಕ್ಕದಲ್ಲೇ ‘ದಿನಕ್ಕೆ ಒಂದೂವರೆ ಜಿಬಿ’ ಎಂದೂ ಇರುತ್ತದೆ. ಮಿತಿ ಇಲ್ಲ ಅಂದಮೇಲೆ ಈ ಒಂದೂವರೆ ಎಲ್ಲಿಂದ ಬಂತು? ಕೇಳಿದರೆ ಸಿಗುವ ಉತ್ತರ ಚಮತ್ಕಾರದ್ದು. ಒಂದೂವರೆ ಜಿಬಿ ಆದಮೇಲೆ ಡೇಟಾ ನಿಲ್ಲುವುದಿಲ್ಲ, ವೇಗ ಮಾತ್ರ ಇಳಿಯುತ್ತದೆ. ನಿಲ್ಲುವುದಿಲ್ಲ ಅಂದಮೇಲೆ ಅನ್‌ಲಿಮಿಟೆಡ್ ತಾನೇ ಅಂತ.

ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಕೇಳಬೇಕು. ಖಾಸಗಿ ಕಂಪನಿಗಳ ಇಂಥ ಪ್ಲಾನುಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿ ಸೆಕೆಂಡಿಗೆ 64 ಕಿಲೋಬಿಟ್. ಸರ್ಕಾರಿ ಬಿಎಸ್‌ಎನ್‌ಎಲ್‌ನ ಹಲವು ಪ್ಲಾನುಗಳಲ್ಲಿ ಇನ್ನೂ ಕಡಿಮೆ, 40 ಕಿಲೋಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಂದರೆ 64 ಕಿಲೋಬಿಟ್ ಎಂದರೆ ಸೆಕೆಂಡಿಗೆ ಬರೀ ಎಂಟು ಕಿಲೋಬೈಟ್. ಮಗಳ ಮದುವೆಯ ಒಂದು ಫೋಟೋ ಮೂರು ಎಂಬಿ ಇದೆ ಎನ್ನಿ, ಅದು ಇಳಿಯಲು ಆರು ಕಾಲು ನಿಮಿಷ ಬೇಕು. ಅದೂ ಮಧ್ಯೆ ಬೇರೇನೂ ಅಡ್ಡ ಬರದಿದ್ದರೆ. ಹಣ ಕಳಿಸುವುದಕ್ಕೆ ಇಷ್ಟೆಲ್ಲ ಡೇಟಾ ಬೇಡ, ನಿಜ. ಆದರೆ ಗಿರಾಕಿಯ ಜೇಬಿನ ಮೊಬೈಲಿನಲ್ಲಿ ಅದೇ ಹೊತ್ತಿಗೆ ಹತ್ತು ಬಗೆಯ ಸಂದೇಶ, ಚಿತ್ರ, ವಿಡಿಯೋ ಒಳಕ್ಕೆ ನುಗ್ಗಲು ಹವಣಿಸುತ್ತಿರುತ್ತವೆ. ಎಲ್ಲಕ್ಕೂ ಸೇರಿ ಅದೇ ಎಂಟು ಕಿಲೋಬೈಟಿನ ಕಿಂಡಿ. ಬಾಳೆಹಣ್ಣಿನ ದುಡ್ಡು ಆ ನೂಕುನುಗ್ಗಲಲ್ಲಿ ಸಿಕ್ಕಿಕೊಂಡಿರುತ್ತದೆ.

ಇನ್ನೊಂದು ಲೆಕ್ಕ ನೋಡಿ. ಒಂದು ದಿನಕ್ಕೆ 86,400 ಸೆಕೆಂಡು. ಸೆಕೆಂಡಿಗೆ ಎಂಟು ಕಿಲೋಬೈಟಿನಂತೆ, ನಿದ್ದೆ ಊಟ ಬಿಟ್ಟು ಇಪ್ಪತ್ತನಾಲ್ಕು ಗಂಟೆ ಎಳೆದರೂ ಸುಮಾರು 690 ಎಂಬಿ ದಾಟುವುದಿಲ್ಲ. ಮುಕ್ಕಾಲು ಜಿಬಿಯೂ ಇಲ್ಲ! ಒಂದೂವರೆ ಜಿಬಿಯನ್ನು ಮಧ್ಯರಾತ್ರಿ ಹನ್ನೆರಡು ಹೊಡೆದ ಕೂಡಲೇ ಮುಗಿಸಿ, ಉಳಿದ ದಿನವೆಲ್ಲ ಈ ತೊಟ್ಟು ನೀರನ್ನೇ ಹಿಡಿದರೂ ಒಟ್ಟು ಎರಡು ಕಾಲು ಜಿಬಿ ತುಂಬದು. ಇದೇ ‘ಅನ್‌ಲಿಮಿಟೆಡ್’ನ ಲಿಮಿಟ್ಟು. ಲೆಕ್ಕ ಹಾಕಿದರೆ ಸಿಗುವಂಥದ್ದು, ಪೋಸ್ಟರಿನಲ್ಲಿ ಹುಡುಕಿದರೆ ಸಿಗದಂಥದ್ದು.

ಬಸ್ಸಿನಲ್ಲಿ ಓಡಾಡುವವರಿಗೆ ಬಸ್ಸಿನ ಲೆಕ್ಕದಲ್ಲೇ ಹೇಳಬಹುದು. ಸೆಕೆಂಡಿಗೆ 10 ಮೆಗಾಬಿಟ್ ಬರುತ್ತಿದ್ದ ಡೇಟಾ 64 ಕಿಲೋಬಿಟ್ಟಿಗೆ ಇಳಿದರೆ ವೇಗ ನೂರೈವತ್ತಾರು ಪಟ್ಟು ಕಡಿಮೆಯಾದಂತೆ. ಗಂಟೆಗೆ 30 ಕಿಲೋಮೀಟರ್ ಹೋಗುತ್ತಿದ್ದ ಬಸ್ಸು ಗಂಟೆಗೆ 200 ಮೀಟರ್ ಕೂಡ ತೆವಳದು. ಸಂಜೆ ಹೊತ್ತು ಟೌನ್‌ಹಾಲ್ ಬಳಿ ಬಸ್ಸುಗಳ ವೇಗ ಅಷ್ಟೇ ಇರೋದು ಎನ್ನುವವರೂ ಉಂಟು, ಅದು ಬೇರೆ ಮಾತು. ಬಿಎಂಟಿಸಿಯ ಮಾಸಿಕ ಪಾಸನ್ನೇ ತೆಗೆದುಕೊಳ್ಳಿ. 2025ರ ಜನವರಿಯ ದರ ಏರಿಕೆಯಲ್ಲಿ ಸಾಮಾನ್ಯ ಬಸ್ಸಿನ ಪಾಸು 1,050 ರೂಪಾಯಿಯಿಂದ 1,200 ಆಯಿತು. ಜನ ಗೊಣಗಿದರು, ಗೊಣಗಿ ಕೊಂಡರು. ಆದರೆ ಆ ಪಾಸು ಹಿಡಿದವರು ದಿನಕ್ಕೆ ಎರಡು ಸಲ ಹತ್ತಲಿ, ಇಪ್ಪತ್ತು ಸಲ ಹತ್ತಲಿ, “ನಿಮ್ಮ ಪಾಲು ಮುಗೀತು, ಇನ್ನು ನಿಮಗೆ ಮಾತ್ರ ಎತ್ತಿನ ಗಾಡಿ” ಅಂತ ಯಾವ ಕಂಡಕ್ಟರೂ ಹೇಳುವುದಿಲ್ಲ. ಆ ಪಾಸಿನಲ್ಲಿ ವಜ್ರ ಬಸ್ಸು ಹತ್ತುವಂತಿಲ್ಲ. ಅದು ಎಲ್ಲರಿಗೂ ಮೊದಲೇ ಗೊತ್ತಿರುವ ವಿಚಾರ.

ಈ ಊರಿನ ಹೋಟೆಲಿನವರೂ ಮಾತಿನಲ್ಲಿ ನಿಯತ್ತಿನವರು. ತಟ್ಟೆಯಲ್ಲಿ ಅಳತೆ ಮಾಡಿ ಕೊಡುವ ಊಟಕ್ಕೆ ‘ಲಿಮಿಟೆಡ್ ಮೀಲ್ಸ್’ ಎಂದೇ ಬೋರ್ಡು ಬರೆಸುತ್ತಾರೆ. ಗಿರಾಕಿ ಬೋರ್ಡು ನೋಡಿ ಒಳಗೆ ಹೋಗುತ್ತಾನೆ, ಎರಡನೇ ಸಲ ಅನ್ನ ಕೇಳಬೇಕಾದರೆ ದುಡ್ಡು ಎಂಬುದು ಅವನಿಗೆ ತಿಳಿದಿರುತ್ತದೆ. ಶಂಕರಪುರದಲ್ಲಿ 1965ರಿಂದ ನಡೆಯುತ್ತಿರುವ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಇಡ್ಲಿ ಎಣಿಕೆಯದು, ಚಟ್ನಿ ಮಾತ್ರ ಬೇಕಾದಷ್ಟು. ಎಷ್ಟು ಸಲ ತಟ್ಟೆ ಒಡ್ಡಿದರೂ ಅದೇ ಚಟ್ನಿ ಬೀಳುತ್ತದೆ. ಮೂರನೇ ಸಲಕ್ಕೆ ನೀರು ಬೆರೆಸಿದ ಚಟ್ನಿ ಹಾಕಿ ‘ಇದೂ ಚಟ್ನಿಯೇ, ನಿಲ್ಲಿಸಿಲ್ಲವಲ್ಲ’ ಅಂದರೆ ಬಸವನಗುಡಿ ಜನ ಸುಮ್ಮನಿರುತ್ತಾರೆಯೇ?

ಈ ಮಾತು ಊರಿಗೆ ಅಂಟಿಕೊಂಡ ಬಗೆಯೂ ನೆನಪಿರಲಿ. 2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಶುರುವಾದಾಗ ಎಲ್ಲ ಪುಕ್ಕಟೆ. ಸಿಮ್ಮಿಗಾಗಿ ಅಂಗಡಿಗಳ ಮುಂದೆ ಜನ ಸಾಲು ನಿಂತರು. ಆಗಲೂ ದಿನಕ್ಕೆ 4 ಜಿಬಿ ಎಂಬ ಗೆರೆ ಇತ್ತು. 2017ರ ಜನವರಿಯಿಂದ ಆ ಗೆರೆ 1 ಜಿಬಿಗೆ ಇಳಿಯಿತು, ಗೆರೆ ದಾಟಿದವರಿಗೆ 128 ಕಿಲೋಬಿಟ್. ಪುಕ್ಕಟೆ ಕೊಡುವವರ ಹತ್ತಿರ ಯಾರು ಗೆರೆಯ ಲೆಕ್ಕ ಕೇಳುತ್ತಾರೆ? ಮಿಕ್ಕ ಕಂಪನಿಗಳೂ ಪೈಪೋಟಿಗೆ ಬಿದ್ದು ಅದೇ ಮಾತನ್ನು ಬೋರ್ಡಿಗೆ ಏರಿಸಿದವು. ಕರೆಗಳಿಗೂ ಅನ್‌ಲಿಮಿಟೆಡ್ ಎಂದರು. ಕೆಲವರ ಪ್ಲಾನಿನಲ್ಲಿ ಅದು ದಿನಕ್ಕೆ 250 ನಿಮಿಷ, ವಾರಕ್ಕೆ 1,000 ನಿಮಿಷ ಎಂದು ಆಮೇಲೆ ತಿಳಿಯಿತು. ಇನ್ನು ಕರೆಗೆ ದುಡ್ಡೇ ಇಲ್ಲ ಎಂದಿದ್ದ ಜಿಯೋ 2019ರ ಅಕ್ಟೋಬರಿನಲ್ಲಿ ಬೇರೆ ಕಂಪನಿಯ ನಂಬರಿಗೆ ಮಾಡುವ ಕರೆಗೆ ನಿಮಿಷಕ್ಕೆ ಆರು ಪೈಸೆ ಹಾಕಿತು. ಅದು ಹೋದದ್ದು 2021ರ ಜನವರಿ 1ಕ್ಕೆ.

ಆಮೇಲೆ ಪುಕ್ಕಟೆಯ ಕಾಲ ಮುಗಿಯಿತು, ಮಾತು ಮಾತ್ರ ಉಳಿಯಿತು. 2024ರ ಜುಲೈನಲ್ಲಿ 28 ದಿನದ, ದಿನಕ್ಕೆ ಒಂದೂವರೆ ಜಿಬಿಯ ಜಿಯೋ ಪ್ಲಾನು 239ರಿಂದ 299 ರೂಪಾಯಿಗೆ ಏರಿತು. ನೂರಕ್ಕೆ ಇಪ್ಪತ್ತೈದು ಜಾಸ್ತಿ. ಅದೇ ಏಟಿಗೆ ‘ಅನ್‌ಲಿಮಿಟೆಡ್ 5ಜಿ’ ಎಂಬುದು ದಿನಕ್ಕೆ 2 ಜಿಬಿ ಮತ್ತು ಅದಕ್ಕಿಂತ ಮೇಲಿನ ಪ್ಲಾನು ಹಾಕಿಸಿದವರಿಗೆ ಮಾತ್ರ ಎಂದಾಯಿತು. ಅಂದರೆ ಅನ್‌ಲಿಮಿಟೆಡ್ಡಿನಲ್ಲೂ ಮೇಲುಜಾತಿ ಕೀಳುಜಾತಿ! ಮನೆಗೆ ವೈರು ಎಳೆದು ಕೊಡುವ ಇಂಟರ್‌ನೆಟ್ಟಿನಲ್ಲಿ ‘ಟ್ರೂಲಿ ಅನ್‌ಲಿಮಿಟೆಡ್’ ಅಂತ 2020ರಲ್ಲಿ ಬಂತು. ಅದಕ್ಕೂ ತಿಂಗಳಿಗೆ 3,300 ಜಿಬಿಯ ಬೇಲಿ. ಸಾಮಾನ್ಯ ಸಂಸಾರ ಆ ಬೇಲಿಯ ಹತ್ತಿರಕ್ಕೂ ಹೋಗುವುದಿಲ್ಲ, ಅದನ್ನು ಒಪ್ಪಬೇಕು. ಆದರೆ ‘ನಿಜವಾಗಿಯೂ’ ಎಂದು ಸೇರಿಸಬೇಕಾಗಿ ಬಂದದ್ದೇಕೆ? ‘ಅಪ್ಪಟ’ ತುಪ್ಪ ಎಂದು ಬೋರ್ಡು ಕಂಡಾಗ ಗಿರಾಕಿ ಮೂಸಿ ನೋಡುವುದು ಇದಕ್ಕೇ.

ಕಂಪನಿಗಳ ಕಡೆಯ ಮಾತೂ ಇದೆ, ಅದು ಪೂರ್ತಿ ಸುಳ್ಳಲ್ಲ. ಟವರಿನ ಗಾಳಿದಾರಿ ಒಬ್ಬರ ಆಸ್ತಿಯಲ್ಲ, ಸುತ್ತಲಿನ ಎಲ್ಲರೂ ಅದನ್ನೇ ಹಂಚಿಕೊಳ್ಳಬೇಕು. ಕಾರ್ತಿಕದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆಗೆ ಕಡಲೆಕಾಯಿ ಪರಿಷೆಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲದ ಹಾಗೆಯೇ ಗಾಳಿಯಲ್ಲೂ ಜಾಗವಿರುವುದಿಲ್ಲ. ಮೊಬೈಲಿನಲ್ಲಿ ಗೆರೆಗಳು ತುಂಬಿರುತ್ತವೆ, ಒಂದು ಫೋಟೋ ಹೋಗುವುದಿಲ್ಲ. ಒಬ್ಬನೇ ಕೂತು ಹಗಲು ರಾತ್ರಿ ಸಿನಿಮಾ ಇಳಿಸಿದರೆ ಪಕ್ಕದ ಮನೆಯವರಿಗೆ ಕಷ್ಟವೇ. ಆದ್ದರಿಂದ ಮಿತಿ ಹಾಕುವುದು ಪಾಪವಲ್ಲ. ಮಿತಿ ಹಾಕಿ ‘ಮಿತಿ ಇಲ್ಲ’ ಎಂದು ಮಾರುವುದಿದೆಯಲ್ಲ, ತಕರಾರು ಅದರದು.

ತಕ್ಕಡಿ ಇಟ್ಟುಕೊಂಡ ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೀಳಬೇಕು. ಮುದ್ರೆಯ ಅವಧಿ ಮೀರಿದರೆ ದಂಡ, ಕಿಲೋಗೆ ಐವತ್ತು ಗ್ರಾಂ ಕಡಿಮೆ ತೂಗಿದರೆ ಕೇಸು. ಹಿಂದೆ ಎಸ್‌ಟಿಡಿ ಬೂತುಗಳಿದ್ದಾಗಲೂ ಮಾತಾಡುವವರ ಕಣ್ಣೆದುರೇ ಕೆಂಪು ಅಂಕಿ ಓಡುತ್ತಿತ್ತು. ಅಂಕಿ ನೋಡಿ ಮಾತು ಮೊಟಕು ಮಾಡಿ “ಸರಿ, ಕಾಗದ ಬರೀತೀನಿ” ಎಂದು ಇಟ್ಟುಬಿಡುತ್ತಿದ್ದರು. ಈಗ ಅಳತೆ ಕೊಳ್ಳುವವನ ಕಣ್ಣೆದುರು ಇಲ್ಲ. ಅರ್ಧ ಮುಗಿಯಿತು, ಪೂರ್ತಿ ಮುಗಿಯಿತು ಅಂತ ಸಂದೇಶ ಬರುತ್ತದೆ, ಅದೂ ಸಾಲದ ಜಾಹೀರಾತುಗಳ ರಾಶಿಯೊಳಗೆ.

ಕಾನೂನು ಇಲ್ಲವೇ ಎಂದರೆ ಇದೆ. 2016ರ ಅಕ್ಟೋಬರ್ ಕೊನೆಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ಆದೇಶ ಹೊರಡಿಸಿತು. ವೈರಿನ ಇಂಟರ್‌ನೆಟ್ಟಿನಲ್ಲಿ ಪಾಲು ಮುಗಿದ ಮೇಲೂ ವೇಗ 512 ಕಿಲೋಬಿಟ್ಟಿಗಿಂತ ಕೆಳಗೆ ಇಳಿಯಬಾರದು ಎಂದಿತು. ಮೊಬೈಲಿಗೆ ಆ ಭಾಗ್ಯ ಸಿಗಲಿಲ್ಲ. ಇದಕ್ಕಿಂತ ಚೂಪಾದದ್ದು 2022ರ ಜೂನ್‌ನಲ್ಲಿ ಬಂತು. ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಪ್ರಾಧಿಕಾರ ಹೊರಡಿಸಿದ ಆ ಮಾರ್ಗಸೂಚಿ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ. ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು, ಅದೇ ಅಕ್ಷರದಲ್ಲಿರಬೇಕು, ಕಣ್ಣಿಗೆ ಕಾಣುವ ಜಾಗದಲ್ಲಿರಬೇಕು, ಮುಖ್ಯ ವಿಷಯವನ್ನು ಷರತ್ತಿನ ಸಂದಿಯಲ್ಲಿ ಬಚ್ಚಿಡಬಾರದು ಎಂದು ಅದರಲ್ಲಿದೆ.

ಈಗ ಯಾವುದೇ ರೀಚಾರ್ಜ್ ಅಂಗಡಿಯ ಗೋಡೆ ನೋಡಿ. ‘ಅನ್‌ಲಿಮಿಟೆಡ್’ ಎಂಬುದು ಕನ್ನಡದಲ್ಲಿ, ಗೇಣುದ್ದ. ಪಕ್ಕದಲ್ಲಿ ಸಣ್ಣ ನಕ್ಷತ್ರ. ಆ ನಕ್ಷತ್ರದ ಜಾತಕ ಪೋಸ್ಟರಿನ ತಳದಲ್ಲಿ, ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ. ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಮುಂದೆ ದಿನಾ ಹಾದುಹೋಗುವವರೂ ಈ ಇಂಗ್ಲಿಷಿಗೆ ಭೂತಗನ್ನಡಿ ಹುಡುಕಬೇಕು. ಮಾರುವಾಗ ಕನ್ನಡ, ಷರತ್ತು ಹಾಕುವಾಗ ಇಂಗ್ಲಿಷ್!

ಅಮೆರಿಕದಲ್ಲೂ ಇದೇ ಜಗಳ ಆಗಿದೆ. ಎಟಿ ಅಂಡ್ ಟಿ ಎಂಬ ದೊಡ್ಡ ಕಂಪನಿ ಅನ್‌ಲಿಮಿಟೆಡ್ ಎಂದು ಮಾರಿ, ಬಳಕೆ ಜಾಸ್ತಿಯಾದವರ ವೇಗ ಇಳಿಸಿತು ಎಂದು ಅಲ್ಲಿನ ವ್ಯಾಪಾರ ಆಯೋಗ 2014ರಲ್ಲಿ ದಾವೆ ಹೂಡಿತು. ಪೆಟ್ಟು ತಿಂದವರು 35 ಲಕ್ಷಕ್ಕೂ ಹೆಚ್ಚು ಗಿರಾಕಿಗಳು ಎಂಬುದು ಆಯೋಗದ ವಾದ. ಐದು ವರ್ಷ ಎಳೆದು 2019ರಲ್ಲಿ ಆರು ಕೋಟಿ ಡಾಲರಿಗೆ ರಾಜಿಯಾಯಿತು. ಮಿತಿಯನ್ನು ಎದ್ದು ಕಾಣುವಂತೆ ತಿಳಿಸದೆ ಇನ್ನು ಮುಂದೆ ಹಾಗೆ ಮಾರಕೂಡದು ಎಂಬ ಷರತ್ತೂ ಬಿತ್ತು.

ತಿಂಗಳ ಮಾತು ಬಂದರೆ ಅಲ್ಲೂ ಅಳತೆ ಮೋಸ. ಅಂಗಡಿ ಬಾಡಿಗೆ, ಹಾಲಿನ ಲೆಕ್ಕ, ಚೀಟಿ ಕಂತು ಎಲ್ಲಕ್ಕೂ ತಿಂಗಳೆಂದರೆ ತಿಂಗಳು. ರೀಚಾರ್ಜಿಗೆ ಮಾತ್ರ 28 ದಿನ. ವರ್ಷಕ್ಕೆ ಹನ್ನೆರಡರ ಬದಲು ಹದಿಮೂರು ಸಲ. 299ರ ಲೆಕ್ಕದಲ್ಲಿ 3,588ರ ಬದಲು 3,887 ರೂಪಾಯಿ. 30 ದಿನದ ಪ್ಲಾನನ್ನೂ ಇಡಬೇಕೆಂದು ಟ್ರಾಯ್ 2022ರ ಜನವರಿಯಲ್ಲಿ ಹೇಳಿತು. ಕೇಳಿದವರಿಗೆ ಸಿಗುತ್ತದೆ, ಕೇಳದವರಿಗೆ ಅದೇ ಇಪ್ಪತ್ತೆಂಟು. ಬರೀ ಮಾತಾಡುವುದಕ್ಕೆ ಮೊಬೈಲಿಟ್ಟುಕೊಂಡ ಪಿಂಚಣಿದಾರರಿಗೂ ಡೇಟಾ ಕಟ್ಟಿಯೇ ಮಾರುತ್ತಿದ್ದರು. 2024ರ ಡಿಸೆಂಬರಿನಲ್ಲಿ ಟ್ರಾಯ್ ಹೇಳಿದ ಮೇಲೆ ಮುಂದಿನ ತಿಂಗಳು ಬರೀ ಕರೆ ಮತ್ತು ಎಸ್ಸೆಮ್ಮೆಸ್ಸಿನ ಪ್ಲಾನುಗಳು ಬಂದವು. ಮನೆಯ ಹಿರಿಯರಿಗೆ ರೀಚಾರ್ಜ್ ಮಾಡಿಸುವವರು ಅದನ್ನು ಹೆಸರು ಹಿಡಿದು ಕೇಳಬೇಕು.

ರೀಚಾರ್ಜ್ ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ಪೋಸ್ಟರು ಬರೆಸಿದವರು ಅವರಲ್ಲ, ಸಿಗುವ ಕಮಿಷನ್ನೂ ಹೇಳಿಕೊಳ್ಳುವಷ್ಟಿಲ್ಲ, ರಾತ್ರಿ ಎಂಟೂವರೆಗೆ ಬೈಗುಳ ತಿನ್ನುವವರು ಮಾತ್ರ ಅವರೇ. ಕೇಳಬೇಕಾದವರು ಕಂಪನಿಗಳು, ಕೇಳಿಸಬೇಕಾದದ್ದು ಗ್ರಾಹಕ ಪ್ರಾಧಿಕಾರ. ಇಷ್ಟು ಮಾಡಲಿ ಸಾಕು: ‘ಅನ್‌ಲಿಮಿಟೆಡ್’ ಎಂಬ ಅಕ್ಷರ ಎಷ್ಟು ದಪ್ಪವೋ ಅಷ್ಟೇ ದಪ್ಪಕ್ಕೆ, ಅದರ ಪಕ್ಕದಲ್ಲೇ, ಕನ್ನಡದಲ್ಲಿ ‘ದಿನಕ್ಕೆ ಒಂದೂವರೆ ಜಿಬಿ, ಆಮೇಲೆ ಸೆಕೆಂಡಿಗೆ ಎಂಟು ಕಿಲೋಬೈಟ್’ ಎಂದು ಬರೆಸಲಿ. ಜಾಗ ಸಾಲದಿದ್ದರೆ ‘ಅನ್‌ಲಿಮಿಟೆಡ್’ ತೆಗೆದುಬಿಡಲಿ. 2022ರ ನಿಯಮ ಇರುವಾಗ ಹೊಸ ಕಾನೂನಿನ ಅಗತ್ಯವೂ ಇಲ್ಲ. ಪೋಸ್ಟರಿನ ಫೋಟೋ ಹಿಡಿದು ದೂರು ಕೊಡುವವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ಫೋಟೋವನ್ನು ಬೆಳಿಗ್ಗೆಯೇ ಕಳಿಸುವುದು ವಾಸಿ. ಸಂಜೆಯಾದರೆ ಹೋದೀತೆಂಬ ಖಾತ್ರಿ ಇಲ್ಲ.