ಹಳ್ಳಿಯ ಫೋನಿಗೆ ಯಾಕೆ 28 ದಿನದ ಗಡುವು?

ಕಿರಾಣಿ ಅಂಗಡಿಯಲ್ಲಿ ಬೆಂಕಿಪೊಟ್ಟಣ, ಸಾಬೂನಿನ ಜತೆಗೇ ಹತ್ತು ರೂಪಾಯಿ ಕರೆನ್ಸಿಯನ್ನೂ ಹಾಕಿಸಿಕೊಂಡು ಹೋಗುವ ಕಾಲವೊಂದು ಕರ್ನಾಟಕದ ಹಳ್ಳಿಗಳಲ್ಲಿತ್ತು. ಸಂತೆಯ ದಿನ ಕೈಯಲ್ಲಿ ಕಾಸು ಆಡಿದರೆ ಐವತ್ತು, ಇಲ್ಲದಿದ್ದರೆ ಹತ್ತು. ಅದೂ ಇಲ್ಲವಾದರೆ ಬೆಂಗಳೂರಿನಲ್ಲಿರುವ ಮಗನಿಗೊಂದು ಮಿಸ್ ಕಾಲ್. ಅತ್ತಲಿಂದ ಅವನೇ ಮಾಡುತ್ತಿದ್ದ. 1995ರಲ್ಲಿ ದೇಶಕ್ಕೆ ಮೊಬೈಲ್ ಬಂದ ಹೊಸತರಲ್ಲಿ ಕರೆ ಮಾಡಿದವರೂ ಎತ್ತಿದವರೂ ದುಡ್ಡು ಕೊಡಬೇಕಿತ್ತು. 2003ರ ಮೇ ತಿಂಗಳಲ್ಲಿ ಒಳಬರುವ ಕರೆ ಉಚಿತವಾಯಿತು. ಹಳ್ಳಿಯವರ ಕೈಗೆ ಫೋನ್ ನಿಜವಾಗಿ ಎಟುಕಿದ್ದು ಆ ನಂತರವೇ.

ಪ್ರಿಪೇಯ್ಡ್ ಸಿಮ್ ಅಲ್ಲಿನ ಬದುಕಿಗೆ ಒಗ್ಗಿದ್ದಕ್ಕೆ ಕಾರಣವಿದೆ. ಹಳ್ಳಿಯಲ್ಲಿ ದುಡ್ಡು ತಿಂಗಳ ಒಂದನೇ ತಾರೀಖಿಗೆ ಬರುವುದಿಲ್ಲ. ತೋಟದ ಕೂಲಿ ವಾರಕ್ಕೊಮ್ಮೆ, ಹಾಲಿನ ಡೇರಿಯ ಬಟವಾಡೆ ಅದರದೇ ಲೆಕ್ಕದಲ್ಲಿ, ಅಡಿಕೆ, ಶೇಂಗಾ, ಜೋಳದ ದುಡ್ಡು ಸುಗ್ಗಿ ಮುಗಿದ ಮೇಲೆ. ಕಾಸು ಬಂದಾಗ ಹಾಕಿಸು, ಬೇಕಾದಷ್ಟು ಮಾತಾಡು, ಉಳಿದದ್ದು ಹಾಗೇ ಇರಲಿ ಎನ್ನುವ ವ್ಯವಸ್ಥೆ ಅದಾಗಿತ್ತು. ಇಂದಿಗೂ ದೇಶದ ಮೊಬೈಲ್ ಗ್ರಾಹಕರಲ್ಲಿ ಬಹುಪಾಲು ಮಂದಿ ಪ್ರಿಪೇಯ್ಡ್‌ನವರೇ. ಆದರೆ ವ್ಯವಸ್ಥೆಯ ಹೆಸರು ಮಾತ್ರ ಉಳಿದಿದೆ, ಅದರ ಗುಣ ಹೋಗಿದೆ.

2018ರ ಕೊನೆಯಲ್ಲಿ ದೊಡ್ಡ ಕಂಪನಿಗಳು ಕನಿಷ್ಠ ರೀಚಾರ್ಜ್ ಎಂಬ ಪದ್ಧತಿ ತಂದವು: 28 ದಿನಕ್ಕೆ ₹35. ಹಾಕಿಸದಿದ್ದರೆ ಮೊದಲು ಹೊರಹೋಗುವ ಕರೆ ಬಂದ್, ಕೆಲವು ದಿನಗಳಲ್ಲಿ ಒಳಬರುವ ಕರೆಯೂ ಬಂದ್. ಆ ಮೊತ್ತ ಬರಬರುತ್ತಾ ₹99, ₹155 ಆಗಿ 2024ರ ಜುಲೈನ ದರ ಏರಿಕೆಯಲ್ಲಿ ಏರ್‌ಟೆಲ್‌ನ 28 ದಿನದ ಪ್ಲಾನು ₹199 ಮುಟ್ಟಿತು. 28 ದಿನವೆಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್. ₹199ರಂತೆ ಒಟ್ಟು ₹2,587. ಮೂವತ್ತು ದಿನದ ಪ್ಲಾನುಗಳನ್ನೂ ಇಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2022ರಲ್ಲಿ ಆದೇಶಿಸಿತು. ಅವು ಬಂದವು, 28ರ ಲೆಕ್ಕವೂ ಉಳಿಯಿತು.

ಇಷ್ಟು ದುಡ್ಡು ಕೊಟ್ಟವರಿಗೆ ಸಿಗ್ನಲ್ಲಾದರೂ ಸಿಗುತ್ತದೆಯೇ? ಮಲೆನಾಡಿನಲ್ಲಿ ಮುಂಗಾರು ಹಿಡಿದರೆ ಕರೆಂಟ್ ಹೋಗುತ್ತದೆ, ಬ್ಯಾಟರಿ ಇಳಿಯುವತನಕ ಟವರ್ ನಿಂತಿರುತ್ತದೆ, ಆಮೇಲೆ ಅದೂ ಸುಮ್ಮನಾಗುತ್ತದೆ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹುಡುಗಿಯೊಬ್ಬಳು ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿರುವುದು, ಸುರಿವ ಮಳೆಯಲ್ಲಿ ಅವಳ ಅಪ್ಪ ಕೊಡೆ ಹಿಡಿದು ನಿಂತಿರುವುದು ರಾಜ್ಯವೆಲ್ಲ ನೋಡಿದ ಚಿತ್ರ. ಶಿವಮೊಗ್ಗ ಜಿಲ್ಲೆಯ ಕೆಲವು ಊರುಗಳ ಜನ ಚುನಾವಣೆಯ ಹೊತ್ತಿನಲ್ಲಿ ‘ನೆಟ್‌ವರ್ಕ್ ಇಲ್ಲದಿದ್ದರೆ ಮತದಾನವಿಲ್ಲ’ ಎಂದು ಪಟ್ಟು ಹಿಡಿದರು. ಮನೆಯ ಅಂಗಳದಲ್ಲಿ ಒಂದು ಕಂಪನಿಯ ಟವರ್ ಸಿಕ್ಕರೆ ಪೇಟೆಯ ಕಡೆ ಇನ್ನೊಂದರದು. ಅದಕ್ಕೇ ಅನೇಕರ ಸೆಟ್ಟಿನಲ್ಲಿ ಎರಡು ಸಿಮ್. ಎರಡಕ್ಕೂ ಬೇರೆ ಬೇರೆ ವ್ಯಾಲಿಡಿಟಿ. ಫೋನ್ ಸತ್ತಿದ್ದ ದಿನಗಳೂ ಆ ಇಪ್ಪತ್ತೆಂಟರಲ್ಲೇ ಕಳೆದುಹೋಗುತ್ತವೆ.

ಕರೆ ನಿಂತರೆ ನಷ್ಟವಾಗುವುದು ಹರಟೆಯೊಂದೇ ಅಲ್ಲ. ಅಡುಗೆ ಅನಿಲದ ಸಿಲಿಂಡರ್ ಬುಕ್ ಮಾಡುವುದು ನೋಂದಾಯಿತ ನಂಬರಿನಿಂದ, ಸಿಲಿಂಡರ್ ಇಳಿಸಿಕೊಳ್ಳುವಾಗ ಹೇಳಬೇಕಾದ ಕೋಡ್ ಬರುವುದೂ ಅದಕ್ಕೇ. ಪಿಎಂ ಕಿಸಾನ್ ಹಣಕ್ಕೆ ಒಟಿಪಿ ಮೂಲಕ ಇ-ಕೆವೈಸಿ ಮುಗಿಸಬೇಕೆಂದರೆ ಆಧಾರ್‌ಗೆ ಜೋಡಿಸಿದ ನಂಬರಿಗೆ ಅದು ಬರಬೇಕು. ಗೃಹಲಕ್ಷ್ಮಿಯ ಎರಡು ಸಾವಿರ ಜಮಾ ಆಯಿತೇ ಎಂದು ತಿಳಿಯುವುದು ಬ್ಯಾಂಕಿನ ಮೆಸೇಜಿನಿಂದ. ಸರ್ಕಾರವೇ ಪ್ರತಿ ಸೌಲಭ್ಯವನ್ನೂ ಮೊಬೈಲ್ ನಂಬರಿಗೆ ಗಂಟು ಹಾಕಿರುವಾಗ, ಆ ನಂಬರು ಜೀವಂತವಾಗಿರುವುದನ್ನು ಕಂಪನಿಯ ಪ್ಲಾನಿನ ಮರ್ಜಿಗೆ ಬಿಡುವುದು ಅನ್ಯಾಯ.

ಟ್ರಾಯ್ ಕಣ್ಣು ಮುಚ್ಚಿ ಕೂತಿಲ್ಲ, ನಿಜ. ಖಾತೆಯಲ್ಲಿ ₹20 ಇದ್ದರೆ ಬಳಸಲಿಲ್ಲವೆಂಬ ಕಾರಣಕ್ಕೆ ನಂಬರು ರದ್ದು ಮಾಡುವಂತಿಲ್ಲ ಎಂಬ ನಿಯಮ 2013ರಿಂದಲೂ ಇದೆ. ಆದರೆ ಅದರಿಂದ ನಂಬರು ಉಳಿಯುತ್ತದೆಯೇ ಹೊರತು ಕರೆ ಬರುವುದಿಲ್ಲ. ಕೀಪ್ಯಾಡ್ ಫೋನಿನ ಅಜ್ಜಿಗೆ ಡೇಟಾ ಕಟ್ಟಿ ಮಾರಬೇಡಿ, ಬರೀ ಮಾತು ಮತ್ತು ಮೆಸೇಜಿನ ಪ್ಲಾನೂ ಇರಲಿ ಎಂಬ ನಿಯಮ 2024ರ ಡಿಸೆಂಬರ್‌ನಲ್ಲಿ ಬಂತು. ಮರುತಿಂಗಳು ಬಂದ ಪ್ಲಾನುಗಳನ್ನು ನೋಡಿ: 84 ದಿನಕ್ಕೆ ಜಿಯೋದ್ದು ₹448, ಏರ್‌ಟೆಲ್‌ನದು ₹469. ಅದಕ್ಕಿಂತ ಚಿಕ್ಕದನ್ನು ಆಗ ಇವರಿಬ್ಬರೂ ಇಡಲಿಲ್ಲ. ಕರ್ನಾಟಕದಲ್ಲಿ 2025-26ಕ್ಕೆ ನಿಗದಿಯಾದ ನರೇಗಾ ದಿನಗೂಲಿ ₹370. ಒಂದು ದಿನದ ದುಡಿಮೆಗೂ ಮೀರಿದ ಮೊತ್ತವನ್ನು ಒಂದೇ ಗಂಟಿನಲ್ಲಿ ಕೊಡಬಲ್ಲವರಿಗೆ ಮಾತ್ರ ಅಗ್ಗ ಎಂದರೆ, ಯಾರಿಗಾಗಿ ಆ ನಿಯಮ ಬಂತೋ ಅವರಿಗೇ ಅದು ತಲುಪಲಿಲ್ಲ.

ಗುಡ್ಡದ ಮೇಲೆ ಟವರ್ ನಿಲ್ಲಿಸಿ, ಡೀಸೆಲ್ ಸಾಗಿಸಿ ನಡೆಸುವುದು ದುಬಾರಿ ಎಂಬ ಕಂಪನಿಗಳ ಮಾತು ಸುಳ್ಳಲ್ಲ. ಅದಕ್ಕೆಂದೇ ಅವುಗಳ ಹೊಂದಾಣಿಕೆಯಾದ ಒಟ್ಟು ಆದಾಯದ ಶೇ 5ರಷ್ಟನ್ನು ಪಡೆದು ಕಟ್ಟಿದ ನಿಧಿ ಕೇಂದ್ರದ ಬಳಿ ಇದೆ. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. 2022ರಲ್ಲಿ ನೆಟ್‌ವರ್ಕ್ ಇಲ್ಲದ ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಮೂಲಕ 4ಜಿ ಒಯ್ಯಲು ₹26,316 ಕೋಟಿಯ ಯೋಜನೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಹಳ್ಳಿಯ ಟವರಿಗೆ ಸಾರ್ವಜನಿಕ ಹಣ ಹೀಗೆ ಹರಿಯುವಾಗ ಹಳ್ಳಿಯ ಗ್ರಾಹಕನೂ ಒಂದಿಷ್ಟು ಕೇಳಬಹುದು.

ಮೊದಲನೆಯದಾಗಿ, ಒಳಬರುವ ಕರೆ ಮತ್ತು ಒಟಿಪಿ ನಿಲ್ಲಬಾರದು. ಖಾತೆಯಲ್ಲಿ ₹20 ಇರುವವರೆಗೆ ಅವು ಬರುತ್ತಲೇ ಇರಬೇಕು. ಮಾತಿನ ಪ್ಲಾನು ವಾರದ ಕೂಲಿಯಲ್ಲಿ ಕೊಳ್ಳುವಷ್ಟು ಚಿಕ್ಕದಾಗಿಯೂ ಸಿಗಬೇಕು. ಇನ್ನು ನೆಟ್‌ವರ್ಕ್ ಇಲ್ಲದ ದಿನಗಳ ಮಾತು. ಸೇವೆ 24 ಗಂಟೆಗೂ ಮೀರಿ ನಿಂತರೆ ಪ್ರಿಪೇಯ್ಡ್ ಗ್ರಾಹಕರಿಗೆ ವ್ಯಾಲಿಡಿಟಿ ಮುಂದುವರಿಸಬೇಕೆಂದು ಟ್ರಾಯ್ 2024ರ ಗುಣಮಟ್ಟ ನಿಯಮದಲ್ಲಿ ಹೇಳಿದೆ. ಆದರೆ ಅದರ ಅಳತೆಗೋಲು ಇಡೀ ಜಿಲ್ಲೆ. ಹೊಸನಗರದ ಮೂಲೆಯ ಒಂದು ಟವರ್ ನಾಲ್ಕು ದಿನ ಮಲಗಿದರೂ ಶಿವಮೊಗ್ಗ ಪೇಟೆಯಲ್ಲಿ ಫೋನ್ ರಿಂಗಾಗುತ್ತಿದ್ದರೆ ಹಳ್ಳಿಯವರಿಗೆ ಏನೂ ಸಿಗುವುದಿಲ್ಲ. ಯಾವ ಟವರ್ ಎಷ್ಟು ಹೊತ್ತಿಗೆ ನಿಂತಿತು, ಯಾವಾಗ ಮತ್ತೆ ಎದ್ದಿತು ಎಂಬ ದಾಖಲೆ ಕಂಪನಿಗಳ ಬಳಿಯೇ ಇರುತ್ತದೆ. ಅದರ ಆಧಾರದಲ್ಲಿ, ಆ ಟವರನ್ನೇ ನಂಬಿದ ಗ್ರಾಹಕರಿಗೆ ಅಷ್ಟೂ ದಿನಗಳನ್ನು ಸೇರಿಸಿಕೊಡುವುದನ್ನು ಟ್ರಾಯ್ ಬರುವ ಮುಂಗಾರಿಗೆ ಮೊದಲೇ ಕಡ್ಡಾಯ ಮಾಡಬೇಕು.