ಡಿಸ್ಕಿಗೂ ಒಂದು ಗಂಟೆ

ಉರಿಗಾಮಿನ ಸುತ್ತಣ ಚಿನ್ನದ ಗಣಿಗಳಲ್ಲಿ ಕೆಲಸ ನಡೆಯುತ್ತಿದ್ದ ಕಾಲದಲ್ಲಿ ಗಂಟೆಯ ಸಂಜ್ಞೆಯಿಲ್ಲದೆ ಕೇಜು ಅಲುಗುತ್ತಿರಲಿಲ್ಲ. ಆಳದಲ್ಲಿ ಯಾರು ಹತ್ತಿದರು, ಯಾರು ಇಳಿದರು ಎಂಬುದು ಮೇಲಿದ್ದ ಯಂತ್ರಚಾಲಕನಿಗೆ ಕಾಣುವಂತಿರಲಿಲ್ಲವಷ್ಟೆ! 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿಗಳನ್ನು ಮುಚ್ಚಿತು; ಗಂಟೆ ಮೌನವಾಯಿತು. ಗಣಿಯಲ್ಲಿ ದುಡಿದ ಅಜ್ಜನ ಭಾವಚಿತ್ರವನ್ನೂ ಸೇವಾಪತ್ರಗಳನ್ನೂ ಹೆಬ್ಬೆರಳ ಗಾತ್ರದ ಪೆನ್‌ಡ್ರೈವಿನಲ್ಲಿ ಕಾಪಾಡಿಕೊಂಡಿರುವ ಕುಟುಂಬಕ್ಕೆ ಮಾತ್ರ ಆ ಗಂಟೆಯ ಶಿಸ್ತು ಇಂದಿಗೂ ಬೇಕು.

ಮನೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಇದೆಯೆನ್ನೋಣ. ಅದರಲ್ಲಿ ಕಡತಗಳೆಲ್ಲವೂ ಒಂದೇ ಮರದ ರೆಂಬೆಗಳು. ಹೊರಗಿನಿಂದ ಬಂದ ಡಿಸ್ಕನ್ನು ಯಾವುದಾದರೊಂದು ರೆಂಬೆಗೆ ಕಸಿಮಾಡಿದಂತೆ ಕೂಡಿಸಿದ ಹೊರತು ಅದರೊಳಗಿನ ಕಡತಗಳು ತೆರೆಯವು. ಇದಕ್ಕೆ ಮೌಂಟ್ ಎಂದು ಹೆಸರು. ಹಿಂದೆ ಇದಕ್ಕಾಗಿ ಆಜ್ಞೆಯನ್ನು ಕೈಯಿಂದಲೇ ಬರೆಯಬೇಕಾಗಿತ್ತು. ಈಗ ಡಿಸ್ಕನ್ನು ಚುಚ್ಚಿದೊಡನೆ ವ್ಯವಸ್ಥೆಯ ತಿರುಳಾದ ಕರ್ನೆಲ್ ಅದನ್ನು ಗುರುತಿಸುತ್ತದೆ, ಯುಡೆವ್ ಸುದ್ದಿ ಮುಟ್ಟಿಸುತ್ತದೆ, ಯುಡಿಸ್ಕ್ಸ್ ಅದನ್ನು 'ಮೀಡಿಯಾ' ಎಂಬ ರೆಂಬೆಯಲ್ಲಿ ಕೂರಿಸುತ್ತದೆ. ಗೃಹಿಣಿಯ ಕಣ್ಣಿಗೆ ಬೀಳುವುದು ತೆರೆಯ ಮೇಲೆ ಮೂಡಿದ ಒಂದು ಚಿತ್ರ ಮಾತ್ರ.

ಪ್ರತಿಗಳಿಗೆಂದೇ ಇಟ್ಟ ದೊಡ್ಡ ಡಿಸ್ಕಿಗೆ ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಒಂದು ಸಾಲು ಬರೆದಿಡುವುದುಂಟು. ಅಲ್ಲಿ 'ನೋಫೇಲ್' ಎಂಬ ಪದವನ್ನು ಮರೆಯಬಾರದು. ಮರೆತು, ಡಿಸ್ಕು ಬೀರುವಿನಲ್ಲಿರುವಾಗ ಕಂಪ್ಯೂಟರನ್ನು ಹಚ್ಚಿದರೆ, ಅದು ಸಾಮಾನ್ಯವಾಗಿ 90 ಸೆಕೆಂಡು ದಾರಿ ಕಾದು, ಬಳಿಕ ಮುಂದುವರಿಯಲೊಲ್ಲೆನೆಂದು ನಿಂತುಬಿಡುತ್ತದೆ.

ಬರುವಿಕೆಯೇನೋ ತಾನಾಗಿ ನಡೆಯಿತು, ಹೋಗುವಿಕೆ ಹಾಗಲ್ಲ. ಅಪಾಯವೆಲ್ಲ ಇಲ್ಲಿಯೇ ಅಡಗಿದೆ. 'ನಕಲು ಮುಗಿಯಿತು' ಎಂದು ತೆರೆ ಹೇಳಿದಾಗಲೂ ಚಿತ್ರಗಳೆಲ್ಲ ಡಿಸ್ಕನ್ನು ಸೇರಿರುತ್ತವೆಂಬ ಭರವಸೆಯಿಲ್ಲ. ವೇಗಕ್ಕಾಗಿ ಲಿನಕ್ಸ್ ಅವನ್ನು ತನ್ನ ನೆನಪಿನಲ್ಲಿಯೇ ಕೆಲಹೊತ್ತು, ಎಷ್ಟೋ ವೇಳೆ 30 ಸೆಕೆಂಡಿನಷ್ಟು, ಇರಿಸಿಕೊಂಡು ನಿಧಾನವಾಗಿ ಬರೆಯುತ್ತದೆ. ಆ ನಡುವೆ ಪೆನ್‌ಡ್ರೈವನ್ನು ಕಿತ್ತರೆ ಅಜ್ಜನ ಚಿತ್ರ ಅರ್ಧಕ್ಕೇ ನಿಂತೀತು. ಕಡತಗಳ ಪಟ್ಟಿಯೇ ಕೆಟ್ಟುಹೋದರೂ ಹೋದೀತು. ಮೂಲ ಚಿತ್ರವನ್ನು ಆಗಲೇ ಅಳಿಸಿದ್ದರೆ ಗತಿಯೇನು?

ಆದುದರಿಂದ ಮೊದಲು 'ಎಜೆಕ್ಟ್' ಗುಂಡಿಯನ್ನು ಒತ್ತಬೇಕು. ತೆಗೆಯಬಹುದೆಂಬ ಸೂಚನೆ ಬಂದ ಮೇಲೆಯೇ ಕೈಹಾಕಬೇಕು. ಕೆಲವೊಮ್ಮೆ ಡಿಸ್ಕು ಬಿಡುವಾಗಿಲ್ಲವೆಂಬ ಉತ್ತರ ಬರುವುದುಂಟು. ಆಗ ಅವಸರಪಡತಕ್ಕದ್ದಲ್ಲ. ಅದರೊಳಗಿನ ಯಾವುದೋ ಪತ್ರವೋ ಚಿತ್ರವೋ ಇನ್ನೊಂದು ಕಿಟಕಿಯಲ್ಲಿ ತೆರೆದೇ ಇರಬಹುದು. ಅದನ್ನು ಮುಚ್ಚಿ ಗುಂಡಿಯನ್ನು ಮತ್ತೊಮ್ಮೆ ಒತ್ತಿದರೆ ಸಾಮಾನ್ಯವಾಗಿ ಬಿಡುಗಡೆ ದೊರೆಯುತ್ತದೆ.