ಸೋಲನ್ನೂ ಬರೆದಿಟ್ಟವರು

2020ರ ಡಿಸೆಂಬರ್ 11ರಂದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಪುಟ್ಟದೊಂದು ಹೇಳಿಕೆ ಹೊರಡಿಸಿತು. 51 ವರ್ಷಗಳಿಂದ ಯಾರಿಗೂ ದಕ್ಕದಿದ್ದ ಗುಪ್ತಲಿಪಿಯೊಂದನ್ನು ಸಾಮಾನ್ಯ ನಾಗರಿಕರು ಬಿಡಿಸಿದ್ದಾರೆ ಎಂಬುದು ಅದರ ಸಾರ. ಆ ನಾಗರಿಕರು ಮೂವರು. ಡೇವಿಡ್ ಓರಾಂಚಾಕ್ ಅಮೆರಿಕದ ವರ್ಜೀನಿಯಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. ಸ್ಯಾಮ್ ಬ್ಲೇಕ್ ಆಸ್ಟ್ರೇಲಿಯಾದ ಮೆಲ್ಬರ್ನಿನ ಗಣಿತಜ್ಞ. ಯಾರ್ಲ್ ವಾನ್ ಐಕೆ ಬೆಲ್ಜಿಯಂನ ಗೋದಾಮಿನಲ್ಲಿ ದುಡಿಯುತ್ತ, ಬಿಡುವಿನ ವೇಳೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತಿದ್ದವರು. ಒಬ್ಬರಿಗೆ ಬೆಳಗಾಗುವ ಹೊತ್ತು ಇನ್ನೊಬ್ಬರಿಗೆ ಮಲಗುವ ಹೊತ್ತು. ಮೂರು ಖಂಡಗಳ ಈ ಮೂವರನ್ನು ಇಂಟರ್ನೆಟ್ಟಿನಲ್ಲಿ ಒಟ್ಟುಗೂಡಿಸಿದ್ದು 340 ಚಿಹ್ನೆಗಳಿದ್ದ ಒಂದೇ ಒಂದು ಹಾಳೆ.

ಆ ಹಾಳೆಯನ್ನು ಬರೆದವನು ಕೊಲೆಗಾರ. 1968-69ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ ಐವರನ್ನು ಕೊಂದು, ಪತ್ರಿಕೆಗಳಿಗೆ ಕಾಗದ ಬರೆದು ಊರನ್ನೇ ನಡುಗಿಸಿದವನು. ತನ್ನನ್ನು ಝೋಡಿಯಾಕ್ ಎಂದು ಕರೆದುಕೊಂಡ. ಇಂದಿಗೂ ಅವನು ಯಾರೆಂದು ಗೊತ್ತಾಗಿಲ್ಲ. ಅಂಥವನ ಜಾಣತನವನ್ನು ಹೊಗಳಲು ಈ ಪುಟ ಬರೆಯುತ್ತಿಲ್ಲ. ಕೊಂದವನ ಹೆಸರು ಸಿನಿಮಾಗಳಾಗಿ, ಪುಸ್ತಕಗಳಾಗಿ ಮೆರೆದು, ಸತ್ತವರ ಹೆಸರು ಮರೆತುಹೋಗುವ ಲೋಕದಲ್ಲಿ ಆ ಎಚ್ಚರ ಇರಲೇಬೇಕು. ನಮಗೆ ಮುಖ್ಯವಾಗಿರುವುದು ಗಂಟು ಹಾಕಿದವನಿಗಿಂತ ಅದನ್ನು ಬಿಚ್ಚಿದವರು, ಅವರು ಬಿಚ್ಚಿದ ರೀತಿ.

ಅವನ ಮೊದಲ ಗುಪ್ತಲಿಪಿ 408 ಚಿಹ್ನೆಗಳದ್ದು. 1969ರ ಜುಲೈ ಕೊನೆಯಲ್ಲಿ ಅದನ್ನು ಮೂರು ತುಂಡು ಮಾಡಿ ಮೂರು ಪತ್ರಿಕೆಗಳಿಗೆ ಕಳಿಸಿದ್ದ. ಅಚ್ಚಾದ ಕೆಲವೇ ದಿನಗಳಲ್ಲಿ ಸಲೀನಾಸ್ ಊರಿನ ಡೊನಾಲ್ಡ್ ಹಾರ್ಡನ್ ಎಂಬ ಮೇಷ್ಟ್ರು ಮತ್ತು ಅವರ ಪತ್ನಿ ಬೆಟ್ಟಿ ಅದನ್ನು ಮನೆಯಲ್ಲೇ ಕೂತು ಓದಿಬಿಟ್ಟರು. ಬೀಗ ತೆರೆದದ್ದು ಬೆಟ್ಟಿಯ ಊಹೆ. ಇಷ್ಟು ಅಹಂಕಾರ ಇರುವ ಮನುಷ್ಯ ‘ನಾನು’ ಎಂದೇ ಮಾತು ಶುರುಮಾಡಿರುತ್ತಾನೆ, ‘ಕೊಲ್ಲು’ ಎಂಬ ಪದವನ್ನು ಬಳಸದೆ ಇರಲಾರ ಎಂದು ಆಕೆ ಹೇಳಿದರು. ಇಂಗ್ಲಿಷಿನ ಆ ಪದದಲ್ಲಿ ಎಲ್ ಅಕ್ಷರ ಜೋಡಿಯಾಗಿ ಬರುತ್ತದಲ್ಲ, ಅಂಥ ಜೋಡಿಗಳನ್ನು ಹುಡುಕುತ್ತ ಹೋದರು. ಗಣಿತಕ್ಕೆ ಮುಂಚೆ ಮನುಷ್ಯಸ್ವಭಾವದ ಅರಿವು ಕೆಲಸ ಮಾಡಿತು.

ಆ ಸೋಲು ಅವನನ್ನು ಕೆಣಕಿರಬೇಕು. ಅದೇ ವರ್ಷ ನವೆಂಬರ್ 8ರಂದು ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆಗೆ ಅಂಚೆಗೆ ಹಾಕಿದ ಎರಡನೆಯ ಹಾಳೆಯಲ್ಲಿ 17 ಚಿಹ್ನೆಗಳ 20 ಸಾಲುಗಳಿದ್ದವು. ನೋಡಲು ಮೊದಲಿನದರಂತೆಯೇ ಇತ್ತು. ಎ ಎಂಬ ಅಕ್ಷರಕ್ಕೆ ಒಂದೇ ಚಿಹ್ನೆ ಇಟ್ಟರೆ ಪದೇ ಪದೇ ಬಂದು ಗುಟ್ಟು ಬಿಟ್ಟುಕೊಡುತ್ತದೆ. ಅದಕ್ಕೇ ಹೆಚ್ಚು ಬಳಕೆಯ ಅಕ್ಷರಗಳಿಗೆ ಮೂರು ನಾಲ್ಕು ಚಿಹ್ನೆ ಹಂಚುವುದು ಹಳೆಯ ತಂತ್ರ. ಮೊದಲ ಹಾಳೆಯಲ್ಲೂ ಅದನ್ನೇ ಮಾಡಿದ್ದ. ಎರಡನೆಯದರಲ್ಲಿ ಒಳಗುಟ್ಟೊಂದನ್ನು ಸೇರಿಸಿದ. ಅಕ್ಷರಗಳನ್ನು ಸಾಲಿನುದ್ದಕ್ಕೂ ಬರೆಯದೆ ಓರೆಯಾಗಿ ಬರೆದ: ಒಂದು ಮನೆ ಕೆಳಗೆ, ಎರಡು ಮನೆ ಬಲಕ್ಕೆ. ಚದುರಂಗದ ಕುದುರೆಯ ನಡೆ ಅದು. ಅದೂ ಇಡೀ ಹಾಳೆಗೆ ಒಟ್ಟಾಗಿ ಅಲ್ಲ. ಮೊದಲ ಒಂಬತ್ತು ಸಾಲು ಒಂದು ಭಾಗ, ನಂತರದ ಒಂಬತ್ತು ಇನ್ನೊಂದು, ಕೊನೆಯ ಎರಡು ಸಾಲು ಮತ್ತೊಂದು. ಎರಡನೆಯ ಭಾಗದಲ್ಲಿ ಕೈತಪ್ಪಿ ಕೆಲವು ಅಕ್ಷರ ಒಂದು ಮನೆ ಜಾರಿವೆ, ಕೊನೆಯ ಸಾಲುಗಳಲ್ಲಿ ಕೆಲವು ಪದಗಳನ್ನು ಹಿಂದುಮುಂದಾಗಿ ಬರೆದಿದ್ದಾನೆ. ಎಡದಿಂದ ಬಲಕ್ಕೆ ಓದಿದವರಿಗೆ ಎಷ್ಟು ತಿಣುಕಿದರೂ ಏನೂ ಹತ್ತದೆ ಇದ್ದದ್ದು ಇದರಿಂದ.

ಬಿಡಿಸಿದ್ದೇವೆಂದು ಘೋಷಿಸಿದವರಿಗೆ ಈ ನಡುವೆ ಕೊರತೆಯಿರಲಿಲ್ಲ. ಪತ್ರಿಕೆಗಳಲ್ಲಿ, ಟಿವಿಯಲ್ಲಿ ಎಷ್ಟೋ ‘ಉತ್ತರ’ಗಳು ಬಂದವು. ಒಂದು ಅಕ್ಷರಕ್ಕೆ ಹಲವು ಚಿಹ್ನೆಗಳಿರುವ ಕಡೆ ಮನಸ್ಸಿಗೆ ಬಂದ ಅರ್ಥವನ್ನು ತುರುಕುವುದು ಬಹಳ ಸುಲಭ. ಇಲ್ಲೊಂದು ವಿನಾಯಿತಿ, ಅಲ್ಲೊಂದು ಕಾಗುಣಿತದ ತಪ್ಪು ಎಂದು ಹೇಳುತ್ತ ಹೋದರೆ ಯಾವ ಹೆಸರನ್ನಾದರೂ ಹೊರಡಿಸಬಹುದು. ಅಂಥ ಉತ್ತರ ಕೊಟ್ಟವರು ತಮ್ಮ ದಾರಿಯನ್ನು ಇತರರು ನಡೆದು ನೋಡುವಂತೆ ಬಿಡಿಸಿ ಇಡಲಿಲ್ಲ. ಇಟ್ಟಾಗ ಅದು ನಿಲ್ಲಲಿಲ್ಲ.

ಇವರ ಮಧ್ಯೆ ಇನ್ನೊಂದು ಬಗೆಯ ಜನ ಇದ್ದರು. ತಮಗೆ ಉತ್ತರ ಸಿಕ್ಕಿಲ್ಲವೆಂದು ಒಪ್ಪಿಕೊಂಡೇ, ಏನು ಪ್ರಯತ್ನಿಸಿದೆವು, ಎಲ್ಲಿ ನಿಂತೆವು ಎಂಬುದನ್ನೆಲ್ಲ ಎಲ್ಲರಿಗೂ ಕಾಣುವಂತೆ ಬರೆದಿಡುತ್ತಿದ್ದವರು. ಓರಾಂಚಾಕ್ ವರ್ಷಗಟ್ಟಲೆ ಅದನ್ನೆಲ್ಲ ಒಟ್ಟುಗೂಡಿಸಿದರು. ವಾನ್ ಐಕೆ ತಮ್ಮ ಪ್ರೋಗ್ರಾಂ ‘ಎಝಡ್‌ಡಿಕ್ರಿಪ್ಟ್’ ಅನ್ನು ಉಚಿತವಾಗಿ ಹಂಚಿ, ಬಳಸಿದವರ ಮಾತು ಕೇಳಿ ಮತ್ತೆ ಮತ್ತೆ ತಿದ್ದಿದರು. ಉತ್ತರ ಸಿಗುವುದಕ್ಕೆ ವರ್ಷಗಳ ಮುಂಚೆಯೇ ವಾನ್ ಐಕೆ ಮತ್ತು ಇನ್ನೊಬ್ಬ ಹವ್ಯಾಸಿ ಒಂದು ವಿಚಿತ್ರವನ್ನು ಗಮನಿಸಿದ್ದರು: ಹಾಳೆಯನ್ನು ಪ್ರತಿ 19ನೇ ಚಿಹ್ನೆಗೊಮ್ಮೆ ಓದುತ್ತ ಹೋದರೆ ಒಂದೇ ಜೋಡಿಗಳು ಮತ್ತೆ ಮತ್ತೆ ಬರುವುದು ಹೆಚ್ಚುತ್ತದೆ. ಅದರ ಅರ್ಥವೇನೆಂದು ಆಗ ತಿಳಿಯಲಿಲ್ಲ. ಸಾಲಿಗೆ 17 ಮನೆ, ಒಂದು ಮನೆ ಕೆಳಗಿಳಿದರೆ 17, ಎರಡು ಬಲಕ್ಕೆ ಸರಿದರೆ 19. ಕುದುರೆಯ ನಡೆ ಆ ಸಂಖ್ಯೆಯೊಳಗೇ ಕೂತಿತ್ತು. ಅರ್ಥವಾಗದ ಆ ಸಂಗತಿಯನ್ನು ಅವರು ತಮ್ಮ ನೋಟ್‌ಬುಕ್ಕಿನಲ್ಲಿ ಮುಚ್ಚಿಟ್ಟುಕೊಂಡಿದ್ದರೆ ಏನಾಗುತ್ತಿತ್ತು?

ಓರಾಂಚಾಕ್ ಮಾಡಿದ್ದ ವಿಡಿಯೊಗಳನ್ನು ನೋಡಿದ ಸ್ಯಾಮ್ ಬ್ಲೇಕ್, ಓರಾಂಚಾಕ್‌ಗೆ ಬರೆದರು. ಹಾಳೆಯನ್ನು ಯಾವ ಯಾವ ದಿಕ್ಕಿನಿಂದ, ಎಷ್ಟು ಭಾಗ ಮಾಡಿ ಓದಬಹುದೆಂದು ಲೆಕ್ಕಹಾಕಿ ಸುಮಾರು 6,50,000 ಓದುವ ಕ್ರಮಗಳನ್ನು ತಯಾರಿಸಿದರು. ಮೆಲ್ಬರ್ನ್ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರನ್ನೂ ದುಡಿಸಿಕೊಂಡರು. ಓರಾಂಚಾಕ್ ಅವುಗಳನ್ನು ವಾನ್ ಐಕೆಯ ಪ್ರೋಗ್ರಾಂಗೆ ಉಣಿಸುತ್ತ ಹೋದರು. ಬಂದದ್ದೆಲ್ಲ ಅರ್ಥವಿಲ್ಲದ ಅಕ್ಷರಗಳ ರಾಶಿ. ಒಂದು ಫಲಿತಾಂಶದಲ್ಲಿ ಮಾತ್ರ, ಆ ರಾಶಿಯ ಮಧ್ಯೆ, ತನ್ನನ್ನು ಹಿಡಿಯಲು ಯತ್ನಿಸುವವರ ಬಗ್ಗೆ ಒಂದು ತುಣುಕು, ಗ್ಯಾಸ್ ಛೇಂಬರ್ ಬಗ್ಗೆ ಇನ್ನೊಂದು ತುಣುಕು ಕಂಡಿತು. ಆಕಸ್ಮಿಕವಾಗಿಯೂ ಹಾಗೆ ಬರಬಹುದು. ಅವರು ಕುಣಿದಾಡಲಿಲ್ಲ. ಆ ತುಣುಕುಗಳನ್ನು ಸ್ಥಿರವಾಗಿಟ್ಟು, ಮೊದಲ ಒಂಬತ್ತು ಸಾಲನ್ನಷ್ಟೇ ತೆಗೆದುಕೊಂಡು ಪ್ರೋಗ್ರಾಂ ಮತ್ತೆ ಓಡಿಸಿದರು. ಈ ಸಲ ಬಂದ ವಾಕ್ಯದಲ್ಲಿ ಟಿವಿ ಕಾರ್ಯಕ್ರಮದಲ್ಲಿ ಮಾತಾಡಿದವನು ತಾನಲ್ಲ ಎಂಬ ಮಾತಿತ್ತು.

ಇಲ್ಲಿ ಇತಿಹಾಸ ಗೊತ್ತಿದ್ದವರ ಮೈ ಜುಮ್ಮೆನ್ನಬೇಕು. 1969ರ ಅಕ್ಟೋಬರ್ 22ರಂದು, ಅಂದರೆ ಈ ಹಾಳೆ ಅಂಚೆಗೆ ಬೀಳುವ ಸುಮಾರು ಎರಡು ವಾರ ಮುಂಚೆ, ಸ್ಯಾನ್ ಫ್ರಾನ್ಸಿಸ್ಕೊದ ಟಿವಿ ಕಾರ್ಯಕ್ರಮವೊಂದಕ್ಕೆ ಯಾರೋ ಫೋನ್ ಮಾಡಿ ತಾನೇ ಝೋಡಿಯಾಕ್ ಎಂದಿದ್ದ, ಗ್ಯಾಸ್ ಛೇಂಬರ್ ಭಯದ ಮಾತೂ ಆಡಿದ್ದ. ಕಂಪ್ಯೂಟರಿಗೆ ಆ ದಿನಾಂಕ ಗೊತ್ತಿಲ್ಲ, ಗೊತ್ತಿದ್ದದ್ದು ಓರಾಂಚಾಕ್‌ಗೆ. ಅಷ್ಟಾದ ಮೇಲೆ ಉಳಿದ ಭಾಗಗಳನ್ನು ಮೂವರೂ ಸೇರಿ ಸರಿಪಡಿಸಿದರು. ಹಾಳೆಯಲ್ಲಿ ಕೊಲೆಗಾರನ ಹೆಸರಿರಲಿಲ್ಲ. ಸ್ವರ್ಗದಲ್ಲಿ ತನಗೆ ಗುಲಾಮರು ಕಾದಿದ್ದಾರೆ ಎಂಬ ಹಳೆಯ ಬಡಾಯಿ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಆದರೂ ಆ ಉತ್ತರವನ್ನು ಯಾರು ಬೇಕಾದರೂ ಪೆನ್ಸಿಲ್ ಹಿಡಿದು ಪರೀಕ್ಷಿಸಬಹುದು. ಅದಕ್ಕೇ ಅದು ಉತ್ತರ.

ಇದಕ್ಕಿಂತ ನಮ್ಮ ಓದುಗರಿಗೆ ಆಪ್ತವೆನಿಸುವ ಇನ್ನೊಂದು ಪ್ರಸಂಗ 2023ರ ಫೆಬ್ರುವರಿಯದು. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಹದಿನಾರನೇ ಶತಮಾನದ ಪೂರ್ವಾರ್ಧದ ಇಟಾಲಿಯನ್ ಕಾಗದಗಳೆಂಬ ಪಟ್ಟಿಯಡಿ ಒಂದಷ್ಟು ಗುಪ್ತಲಿಪಿಯ ಪತ್ರಗಳು ಬಿದ್ದಿದ್ದವು. ಇಸ್ರೇಲಿನ ಕಂಪ್ಯೂಟರ್ ವಿಜ್ಞಾನಿ ಜಾರ್ಜ್ ಲಾಸ್ರಿ, ಜರ್ಮನಿಯ ಪಿಯಾನೊವಾದಕ ಮತ್ತು ಸಂಗೀತದ ಪ್ರಾಧ್ಯಾಪಕ ನಾರ್ಬರ್ಟ್ ಬೀರ್ಮನ್, ಜಪಾನಿನ ಭೌತವಿಜ್ಞಾನಿ ಸಾತೋಶಿ ತೊಮೊಕಿಯೊ ಸೇರಿ ಗ್ರಂಥಾಲಯ ಅಂತರ್ಜಾಲದಲ್ಲಿಟ್ಟ ಚಿತ್ರಗಳಿಂದಲೇ ಅವನ್ನು ಓದಿದರು. ಭಾಷೆ ಇಟಾಲಿಯನ್ ಆಗಿರಲೇ ಇಲ್ಲ, ಫ್ರೆಂಚ್ ಆಗಿತ್ತು. ನನ್ನ ಸ್ವಾತಂತ್ರ್ಯ, ನನ್ನ ಮಗ ಎಂಬ ಮಾತುಗಳು ಮೊದಲು ಹೊರಬಂದವು, ಆಮೇಲೆ ಇಂಗ್ಲೆಂಡಿನ ಗೂಢಚಾರ ಮುಖ್ಯಸ್ಥ ವಾಲ್ಸಿಂಗ್‌ಹ್ಯಾಮ್ ಹೆಸರು. ಸೆರೆಯಲ್ಲಿದ್ದ ಸ್ಕಾಟ್‌ಲೆಂಡಿನ ರಾಣಿ ಮೇರಿ 1578ರಿಂದ 1584ರವರೆಗೆ ಬರೆದ ಪತ್ರಗಳವು, ಒಟ್ಟು 57. ನಾಲ್ಕು ಶತಮಾನದಿಂದ ಕಳೆದುಹೋಗಿದ್ದ ಒಂದು ಹೆಣ್ಣಿನ ದನಿ, ಸುಮಾರು ಐವತ್ತು ಸಾವಿರ ಪದಗಳಷ್ಟು, ಮೂವರು ಹವ್ಯಾಸಿಗಳ ತಾಳ್ಮೆಯಿಂದ ಕೇಳಿಸಿತು. ಇಂಟರ್ನೆಟ್ಟು ಜನರನ್ನು ಒಡೆಯುತ್ತದೆ ಎಂದು ನಾವೆಲ್ಲ ಬರೆಯುತ್ತಲೇ ಇದ್ದೇವೆ, ಅದು ನಿಜವೂ ಹೌದು. ಆದರೆ ಇದೂ ಅಷ್ಟೇ ನಿಜ.

ಕನ್ನಡಕ್ಕೆ ಬರೋಣ. ಒಗಟು, ಒಡಪು, ಅಲ್ಲಮನ ಬೆಡಗಿನ ವಚನ, ಕನಕದಾಸರ ಮುಂಡಿಗೆ ಎಂದು ಗೂಢವಾಗಿ ನುಡಿಯುವ ಸಿರಿವಂತ ಪರಂಪರೆ ನಮ್ಮದು. ಆದರೆ ವಿದ್ವತ್ತಿನ ಲೋಕದಲ್ಲಿ ಬಿಡಿಸುವ ಕೆಲಸ ಬಹುಮಟ್ಟಿಗೆ ಒಂಟಿ ಪಂಡಿತರದ್ದಾಗಿಯೇ ಉಳಿದಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವನ್ನೇ ನೋಡಿ. 1903ರಲ್ಲಿ ಅಚ್ಚಾದ ಆ ಪಪೈರಸ್ಸಿನಲ್ಲಿ ಭಾರತದ ಕರಾವಳಿಯ ರಾಜ ಮತ್ತು ಅವನ ಪರಿವಾರ ಆಡುವ ಅರ್ಥವಾಗದ ಮಾತುಗಳಿವೆ. ಅವು ಕನ್ನಡ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಶ್ ಬರೆದರು. ಆರ್. ಶಾಮಶಾಸ್ತ್ರಿ, ಎಂ. ಗೋವಿಂದ ಪೈ ಮುಂತಾದ ಹಿರಿಯರು ತಮ್ಮ ತಮ್ಮ ಓದು ಕೊಟ್ಟರು. ಎಲ್. ಡಿ. ಬಾರ್ನೆಟ್ ಒಪ್ಪಲಿಲ್ಲ. ಪ್ರಶ್ನೆ ಇನ್ನೂ ತೆರೆದೇ ಇದೆ. ಅದೇ ಆಕ್ಸಿರಿಂಕಸ್‌ನ ಪಪೈರಸ್ ತುಣುಕುಗಳ ಚಿತ್ರಗಳನ್ನು 2011ರಲ್ಲಿ ಆಕ್ಸ್‌ಫರ್ಡ್‌ನವರು ಅಂತರ್ಜಾಲದಲ್ಲಿಟ್ಟಾಗ, ಗ್ರೀಕ್ ಬಾರದ ಸಾಮಾನ್ಯರೂ ಅಕ್ಷರದ ಆಕಾರ ಹೋಲಿಸಿ ಗುರುತಿಸುವ ಕೆಲಸಕ್ಕೆ ಕೂತರು.

ಅಂಕಿಗಳಲ್ಲೇ ಬರೆದ ಕೃತಿ ಸಿರಿಭೂವಲಯದ ಕಥೆ ಇನ್ನೂ ಹತ್ತಿರದ್ದು. ಅದರ ಪ್ರತಿ ಚಕ್ರವೂ 27 ಅಡ್ಡ, 27 ಉದ್ದದ ಚೌಕ, ಒಟ್ಟು 729 ಮನೆ, ಪ್ರತಿ ಮನೆಯಲ್ಲಿ 1ರಿಂದ 64ರವರೆಗಿನ ಒಂದು ಅಂಕಿ, ಪ್ರತಿ ಅಂಕಿಗೂ ಒಂದು ಧ್ವನಿ. ಓದಲು ನಿರ್ದಿಷ್ಟ ಬಂಧಗಳ ದಾರಿ ಹಿಡಿಯಬೇಕು. ಕರ್ಲಮಂಗಲಂ ಶ್ರೀಕಂಠಯ್ಯನವರ ಶ್ರಮದಿಂದ 1953ರಲ್ಲಿ ಅದು ಬೆಳಕು ಕಂಡಿತು. ಅದರ ಕಾಲ, ಕರ್ತೃತ್ವದ ವಿಷಯದಲ್ಲಿ ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಆರಾಧಿಸುವವರು ಒಂದು ಕಡೆ, ತಳ್ಳಿಹಾಕುವವರು ಇನ್ನೊಂದು ಕಡೆ. ಇಬ್ಬರಿಗೂ ಬೇಕಾದದ್ದು ಒಂದೇ: ಎಲ್ಲ ಚಕ್ರಗಳೂ, ಪ್ರತಿಯೊಂದು ಓದಿನ ದಾರಿಯೂ, ಆ ದಾರಿ ಎಲ್ಲಿ ಮುರಿಯುತ್ತದೆ ಎಂಬುದೂ ಯಾರಾದರೂ ಪರೀಕ್ಷಿಸುವಂತೆ ಮುಕ್ತವಾಗಿ ಸಿಗಬೇಕು. ಬೆಂಗಳೂರಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಅಂಕಿಗಳೊಂದಿಗೇ ಬದುಕುವ ಕನ್ನಡದ ಮಕ್ಕಳು ಎಷ್ಟೊಂದು ಮಂದಿ ಇದ್ದಾರೆ! ಹಳಗನ್ನಡ ಬಲ್ಲ ಹಿರಿಯರೊಂದಿಗೆ ಅವರನ್ನು ಕೂರಿಸಿದರೆ ಈ ವಿವಾದ ಭಕ್ತಿ, ಸಂಶಯಗಳ ಜಗಳ ದಾಟಿ ಪುರಾವೆಯ ಮೇಲೆ ನಿಲ್ಲುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ನಮ್ಮಲ್ಲಿ ತಪ್ಪಾದ ಓದನ್ನು ಅಚ್ಚು ಮಾಡಲು ಸಂಕೋಚ. ಈ ಅಕ್ಷರ ನನಗೆ ತಿಳಿಯಲಿಲ್ಲ ಎಂದು ಅಡಿಟಿಪ್ಪಣಿಯಲ್ಲಿ ಒಪ್ಪಿಕೊಂಡ ಸಂಪಾದಕರನ್ನು ಕಂಡಾಗಲೆಲ್ಲ ನನಗೆ ಕೈ ಮುಗಿಯುವಂತಾಗುತ್ತದೆ, ಮುಂದಿನವರಿಗೆ ಅವರು ಬಾಗಿಲು ತೆರೆದಿಟ್ಟಿದ್ದಾರೆ.

ಮುಂದಿನ ಸಂಚಿಕೆಯಿಂದ ಪತ್ರಿಕೆಯ ಒಂದು ಪುಟವನ್ನು ಈ ಕೆಲಸಕ್ಕೆ ಮೀಸಲಿಡುತ್ತಿದ್ದೇವೆ. ನಿಮ್ಮ ಮನೆಯ ತಾಳೆಗರಿ, ಕಡತ, ಹಳೆಯ ಲೆಕ್ಕದ ಪುಸ್ತಕ, ಮೋಡಿ ಅಥವಾ ತಿಗಳಾರಿ ಲಿಪಿಯ ಕಾಗದಗಳಲ್ಲಿ ಓದಲಾಗದ ಸಾಲಿದ್ದರೆ, ಅರ್ಥ ಹೊಳೆಯದ ಮುಂಡಿಗೆಯೊಂದು ನಿಮ್ಮ ಊರಿನವರ ಬಾಯಲ್ಲಿದ್ದರೆ, ಸ್ಪಷ್ಟವಾದ ಚಿತ್ರ ತೆಗೆದು ಅಥವಾ ಕೇಳಿದ ಹಾಗೆಯೇ ಬರೆದು ಕಳಿಸಿ. ಉತ್ತರ ಕಳಿಸುವವರು ಅದಕ್ಕೆ ಬಂದ ದಾರಿಯನ್ನೂ ತಪ್ಪದೆ ಬರೆಯಿರಿ. ಅರ್ಧಕ್ಕೆ ನಿಂತ ಪ್ರಯತ್ನಗಳನ್ನೂ ನಿಮ್ಮ ಹೆಸರಿನೊಂದಿಗೇ ಅಚ್ಚು ಮಾಡುತ್ತೇವೆ.